ಯುದ್ಧದ ಸುದ್ದಿ: ಐದು ವರ್ಷದವಳಿಗೆ ಎಷ್ಟು, ಹತ್ತು ವರ್ಷದವನಿಗೆ ಎಷ್ಟು ಹೇಳೋದು?

ತುಂಗಾತೀರ:
ಪಹಲ್ಗಾಮ್ ದಾಳಿಯಿಂದ ಹಿಡಿದು ಭಾರತ-ಪಾಕಿಸ್ತಾನ ಕದನ ವಿರಾಮದವರೆಗೆ ನಮ್ಮನೇಲಿ ಟಿ.ವಿ. ಆರಿದ್ದೇ ಇಲ್ಲ. ಈಗ ಐದು ವರ್ಷದ ಮಗಳು ವಿಮಾನದ ಸದ್ದಾದರೆ ಒಳಗೆ ಓಡ್ತಾಳೆ. ಹತ್ತು ವರ್ಷದ ಮಗ ‘ನಾವು ಗೆದ್ವಾ? ಮೊದಲು ಹೊಡೆದದ್ದು ಯಾರು?’ ಅಂತಾನೆ. ಅಪಾರ್ಟ್‌ಮೆಂಟಿನ ಹುಡುಗರು ಇಂಡಿಯಾ-ಪಾಕಿಸ್ತಾನ ಆಟ ಆಡ್ತಾ ಒಬ್ಬ ಮುಸ್ಲಿಂ ಹುಡುಗನನ್ನೇ ದಿನಾ ಪಾಕಿಸ್ತಾನ ಮಾಡ್ತಿದ್ದಾರೆ. ಯಾರಿಗೆ ಏನು ಹೇಳಬೇಕು? ಅಜ್ಜ ಟಿ.ವಿ. ಬಿಡಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಶಾಲಾ ಕೌನ್ಸೆಲರ್:
ಮೊದಲು ಮಗಳ ವಿಷಯ. ಒಂದೇ ಸ್ಫೋಟದ ದೃಶ್ಯವನ್ನು ಚಾನೆಲ್‌ನವರು ಇಪ್ಪತ್ತು ಸಲ ತೋರಿಸಿದರೆ ಈ ವಯಸ್ಸಿನ ಮಗುವಿನ ಲೆಕ್ಕದಲ್ಲಿ ಅದು ಇಪ್ಪತ್ತು ಸ್ಫೋಟ, ಅದೂ ಪಕ್ಕದ ಬೀದಿಯಲ್ಲೇ. ಹಾಗಾಗಿ ವಿವರಣೆಗಿಂತ ಮುಂಚೆ ಟಿ.ವಿ. ವಿಷಯ ಸರಿಮಾಡಿ. ಅಜ್ಜನಿಗೆ ‘ನೋಡಲೇಬೇಡಿ’ ಅಂದರೆ ಜಗಳ ಆಗುತ್ತೆ. ಬೆಳಿಗ್ಗೆ ಪೇಪರು, ಮಗಳು ಮಲಗಿದ ಮೇಲೆ ವಾರ್ತೆ ಅಂತ ಒಪ್ಪಿಸಿ. ಸೌಂಡ್ ಕಮ್ಮಿ ಮಾಡಿದರೆ ಸಾಲದು, ತೊಂದರೆ ಇರೋದು ಚಿತ್ರದಲ್ಲಿ.

ವಿವರಣೆಯಿಂದ ಮಾತು ಶುರು ಮಾಡಬೇಡಿ. ‘ನೀನು ಏನು ಕೇಳಿಸ್ಕೊಂಡೆ?’ ಅಂತ ಕೇಳಿ. ದೊಡ್ಡವರು ಗಡಿ, ಭಯೋತ್ಪಾದನೆ ಅಂತ ತಯಾರಾಗಿ ಕೂತಿರ್ತಾರೆ. ಮಗುವಿಗೆ ಬೇಕಾಗಿರೋದು ‘ಆಫೀಸಿಗೆ ಹೋದ ಅಪ್ಪ ವಾಪಸ್ ಬರ್ತಾರಾ?’ ಅನ್ನೋದಷ್ಟೇ. ಉತ್ತರ ಮೂರು ವಾಕ್ಯ ಸಾಕು: ‘ದೂರದಲ್ಲಿ ಜಗಳ ಆಗಿತ್ತು. ಈಗ ನಿಲ್ಲಿಸಿದ್ದಾರೆ. ಆ ವಿಮಾನದಲ್ಲಿ ಜನ ಊರಿಗೆ ಹೋಗ್ತಿದ್ದಾರೆ.’ ವಿಮಾನ ಬಂದಾಗ ಕೈ ಹಿಡ್ಕೊಂಡು ಬಾಲ್ಕನಿಯಲ್ಲಿ ನಿಂತು, ಅದು ಮರೆಯಾಗೋವರೆಗೂ ಜೊತೆಗೇ ನೋಡಿ. ಅದೇ ಪ್ರಶ್ನೆ ಮತ್ತೆ ಬಂದರೆ ಅದೇ ಮಾತಲ್ಲಿ ಉತ್ತರ ಕೊಡಿ. ಪ್ರತಿ ಸಲ ಹೊಸ ವಿವರ ಸೇರಿಸಿದರೆ ಭಯವೂ ಹೊಸದಾಗುತ್ತೆ.

ಸಮಾಜ ವಿಜ್ಞಾನ ಮೇಷ್ಟ್ರು:
ಮಗನಿಗೆ ಅಷ್ಟು ಸಾಲದು. ಅಟ್ಲಾಸ್ ತೆಗೆದು ಬೆಂಗಳೂರಿನಿಂದ ಅಮೃತಸರಕ್ಕೆ ಸ್ಕೇಲ್ ಇಟ್ಟು ಅಳೆಸಿ. ನೇರ ದಾರಿಯಲ್ಲಿ ಸುಮಾರು 2,000 ಕಿ.ಮೀ. ಆಮೇಲೆ ಮೂರು ತಾರೀಖು ಬರೆಸಿ. 2025ರ ಏಪ್ರಿಲ್ 22, ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆ. ಮೇ 7ರ ನಸುಕು, ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದ ಒಂಬತ್ತು ಕಡೆ ಭಾರತದ ದಾಳಿ. ಮೇ 10ರ ಸಂಜೆ 5 ಗಂಟೆ, ವಿರಾಮ. ‘ಮೊದಲು ಯಾರು’ ಅನ್ನೋದಕ್ಕೆ ಇದು ಅರ್ಧ ಉತ್ತರ. ಉಳಿದರ್ಧ 1947ರಿಂದ ಶುರು, ಅದನ್ನು ಒಂದೇ ದಿನ ಸುರೀಬೇಡಿ.

‘ಗೆದ್ವಾ’ ಅನ್ನೋದು ಕ್ರಿಕೆಟ್ ಪ್ರಶ್ನೆ. ಎರಡೂ ಕಡೆಯವರು ಗೆದ್ದೆವು ಅಂತಿದ್ದಾರೆ, ಗಡಿ ಪಕ್ಕದ ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳೂ ಸತ್ತಿದ್ದಾರೆ. ಎರಡನ್ನೂ ಹೇಳಿ. ನಿಮ್ಮ ರಾಜಕೀಯ ಮುಚ್ಚಿಡಬೇಕಿಲ್ಲ. ‘ಇದು ನಡೆದದ್ದು, ಇದು ನನಗನ್ನಿಸಿದ್ದು, ಅಜ್ಜನಿಗೆ ಬೇರೆ ಅನ್ಸುತ್ತೆ’ ಅಂತ ಬಿಡಿಸಿ ಹೇಳಿ. ಅಜ್ಜನ ಎದುರೇ ಹೇಳಿದರೆ ಇನ್ನೂ ಒಳ್ಳೇದು.

ಇನ್ನು ವಾಟ್ಸಾಪ್. ಆ ವಾರ ವಿಡಿಯೊ ಗೇಮ್‌ನ ತುಣುಕುಗಳೇ ಯುದ್ಧದ ದೃಶ್ಯ ಅಂತ ಓಡಾಡಿದವು. ವಿಡಿಯೊ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಗೂಗಲ್ ಲೆನ್ಸ್‌ಗೆ ಅವನ ಕೈಲೇ ಹಾಕಿಸಿ. ಹಳೇ ತಾರೀಖಿನಲ್ಲಿ ಅದೇ ಚಿತ್ರ ಸಿಕ್ಕಿದರೆ ಅಲ್ಲಿಗೆ ಮುಗೀತು. ಸಿಗಲಿಲ್ಲ ಅಂದರೆ ನಿಜ ಅಂತಲ್ಲ, ಫಾರ್ವರ್ಡ್ ಮಾಡಲ್ಲ ಅಷ್ಟೆ. ರಕ್ತ ಕಾಣೋ ವಿಡಿಯೊ ಇಟ್ಕೊಂಡು ಈ ಪಾಠ ಬೇಡ.

ರಂಗಮಕ್ಕಳು:
ಆಟದ ವಿಷಯ ಯಾರೂ ಮುಟ್ಟಲಿಲ್ಲ, ನನ್ನ ಪ್ರಕಾರ ತುರ್ತಾಗಿರೋದು ಅದೇ. ಯುದ್ಧದ ಆಟ ನಿಲ್ಲಿಸಬೇಡಿ, ಆಡಿ ಆಡಿಯೇ ಮಕ್ಕಳು ಹೆದರಿಕೆ ಕಳ್ಕೊಳ್ಳೋದು. ಬದಲಾಗಬೇಕಾದದ್ದು ತಂಡ ಮಾಡೋ ರೀತಿ: ದಿನಾ ಚೀಟಿ ಎತ್ತಲಿ, ತಂಡಕ್ಕೆ ದೇಶದ ಹೆಸರು ಬೇಡ. ಎಲ್ಲರೆದುರು ಆ ಹುಡುಗನ ಹೆಸರೆತ್ತಿ ಭಾಷಣ ಮಾಡಿದರೆ ಕಣ್ಣೆಲ್ಲ ಅವನ ಮೇಲೇ ಬೀಳುತ್ತೆ. ಅವನ ಅಪ್ಪ-ಅಮ್ಮನ ಹತ್ತಿರ ಬೇರೆಯಾಗಿ ಮಾತಾಡಿ. ನಿಮ್ಮ ಮಗನಿಗೆ ಒಂದು ಮಾತು ಕಲಿಸಿ: ‘ದಿನಾ ಇವನೇ ಯಾಕೆ? ಇವತ್ತು ನಾನಾಗ್ತೀನಿ.’

ಸಮಾಜ ವಿಜ್ಞಾನ ಮೇಷ್ಟ್ರು:
ಪಹಲ್ಗಾಮ್‌ನಲ್ಲಿ ಪ್ರವಾಸಿಗರನ್ನು ಕಾಪಾಡೋಕೆ ಹೋಗಿ ಸತ್ತ, ಕುದುರೆ ಸವಾರಿ ಮಾಡಿಸುವವರೊಬ್ಬರೂ ಮುಸ್ಲಿಮರೇ ಅಂತ ಹುಡುಗರಿಗೆ ಹೇಳಬಹುದಲ್ಲ?

ರಂಗಮಕ್ಕಳು:
ಸುದ್ದಿ ಹೇಳುವಾಗ ಖಂಡಿತ ಹೇಳಿ, 26ರಲ್ಲಿ ಅವರೂ ಒಬ್ಬರು. ಈ ಜಗಳ ಬಿಡಿಸೋಕೆ ಮಾತ್ರ ಬೇಡ ಮೇಷ್ಟ್ರೇ. ಆಟದ ಗೆಳೆಯ ನಮ್ಮವನು ಅನ್ನೋಕೆ ಯಾರಾದರೂ ಸತ್ತಿರಬೇಕಾ?

ಗಡಿನಾಡ ಗೌಡ್ರು:
ನಕಾಶೆ ಬಗ್ಗೆ ಒಂದು ಮಾತ್ರಿ. ಬೆಳಗಾವಿ ಕಡೆ, ಕೊಡಗಿನ ಕಡೆ ಮಿಲಿಟರಿಯವರ ಮನಿ ಭಾಳ ಅದಾವು. ಆ ಮಕ್ಕಳಿಗೆ 2,000 ಕಿ.ಮೀ. ಅಂದ್ರ ಸಮಾಧಾನ ಅಲ್ಲ, ಅಪ್ಪ ಅಷ್ಟು ದೂರ ಅದಾನ ಅಂತ ಅರ್ಥ. ‘ಏನೂ ಆಗೂದಿಲ್ಲ’ ಅಂತ ಮಾತು ಕೊಡಬ್ಯಾಡ್ರಿ. ‘ಕೆಲವು ಕಡೆ ಫೋನ್ ಬಿಡೂದಿಲ್ಲ, ಫೋನ್ ಬರಲಿಲ್ಲ ಅಂದ್ರ ಕೆಟ್ಟ ಸುದ್ದಿ ಅಂತಲ್ಲ’ ಅಂತ ಮೊದಲೇ ಹೇಳಿಡ್ರಿ.

ತುಂಗಾತೀರ:
ಚೀಟಿ ಉಪಾಯ ಇವತ್ತೇ ಮಾಡ್ತೀವಿ. ಮಗಳು ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ಳೋಕೆ ಮತ್ತೆ ಶುರು ಮಾಡಿದ್ದಾಳೆ, ಡಾಕ್ಟರಿಗೆ ತೋರಿಸಬೇಕಾ?

ಶಾಲಾ ಕೌನ್ಸೆಲರ್:
ಭಯಕ್ಕೆ ಹೀಗಾಗೋದುಂಟು, ಗದರಬೇಡಿ. ಆದರೂ ಮೂತ್ರದ ಸೋಂಕು ಇಲ್ಲ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಟಿ.ವಿ. ನಿಲ್ಲಿಸಿ ಮೂರ್ನಾಲ್ಕು ವಾರ ಆದರೂ ಕಡಿಮೆ ಆಗಲಿಲ್ಲ, ಊಟ-ನಿದ್ದೆಯೂ ಕೆಟ್ಟಿತು ಅಂದರೆ ಮಕ್ಕಳ ಡಾಕ್ಟರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು-ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.