ಹಾಟ್ ಟಬ್ಬಿನ ಸ್ಟೀಲ್ ಕಂಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ: ಇನ್ನೊಂದು ಅರ್ತ್ ಗುಂಡಿ ತೋಡಬೇಕೇ?

ಪ್ರಶ್ನೆ (ಬದಿಯಡ್ಕ)

ಮಾನ್ಯರೇ, ನಮ್ಮ ಹೋಂಸ್ಟೇಯ ಹಿತ್ತಿಲಿನಲ್ಲಿ ಮುರಕಲ್ಲಿನ ನೆಲವನ್ನು ಸಮತಟ್ಟು ಮಾಡಿ, ಸರಳು ಹಾಸಿ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಅದರ ಮೇಲೆ 3 ಕಿಲೋವ್ಯಾಟ್ ಹೀಟರ್ ಇರುವ ಹಾಟ್ ಟಬ್ ಕೂರಿಸಿದ್ದೇವೆ. ಒದ್ದೆ ಕಾಲಿನಲ್ಲಿ ಕಟ್ಟೆಯ ಮೇಲೆ ನಿಂತು ಮೆಟ್ಟಿಲ ಬದಿಯ ಸ್ಟೀಲ್ ಕಂಬಿ ಹಿಡಿದರೆ ಕೈ ಜುಮ್ಮೆನ್ನುತ್ತದೆ. ನೀರಿನೊಳಗೆ ಕುಳಿತು ಅದೇ ಕಂಬಿ ಮುಟ್ಟಿದರೆ ಏನೂ ಆಗುವುದಿಲ್ಲ. ಕಂಬಿಗೂ ಒದ್ದೆ ಕಟ್ಟೆಗೂ ನಡುವೆ ಮಲ್ಟಿಮೀಟರ್ 9 ವೋಲ್ಟ್ ತೋರಿಸುತ್ತದೆ. ಕಂಬಿಗೆ ಹಸಿರು (ಅರ್ತ್) ವಯರ್ ಇದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಸರಿಯಾಗಿ ಬೀಳುತ್ತದೆ. ವಯರಿಂಗ್ ಮಾಡಿದವರು ಟಬ್ಬಿಗೇ ಬೇರೆ ಅರ್ತ್ ಗುಂಡಿ ತೋಡಬೇಕೆನ್ನುತ್ತಾರೆ. ಅಷ್ಟು ಮಾಡಿದರೆ ಸಾಕೇ?

ಉತ್ತರ

ದೋಷ ಪತ್ತೆಯಾಗುವವರೆಗೆ ದಯವಿಟ್ಟು ಟಬ್ಬಿನ ಮೈನ್ ಆಫ್ ಮಾಡಿಡಿ, ಅತಿಥಿಗಳನ್ನು ಇಳಿಸಬೇಡಿ.

ನೀರಿನೊಳಗೆ ಏನೂ ಆಗುವುದಿಲ್ಲವೆಂದು ತಾವು ಬರೆದದ್ದೇ ಇಲ್ಲಿ ದೊಡ್ಡ ಸುಳಿವು. ನೀರು, ಹೀಟರಿನ ಕವಚ, ಕಂಬಿ ಎಲ್ಲವೂ ಒಂದೇ ವೋಲ್ಟೇಜಿನಲ್ಲಿವೆ. ಕಟ್ಟೆ ಮಾತ್ರ ಹೊರಗಿನ ಮಣ್ಣಿನ ವೋಲ್ಟೇಜಿನಲ್ಲಿದೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಯ ರೋಧ ವಿಪರೀತ ಏರುತ್ತದೆ. ಅದು 750 ಓಮ್ ಇದೆ, ಹೀಟರಿನಿಂದ 12 ಮಿಲಿಆಂಪಿಯರ್ ಸೋರುತ್ತಿದೆ ಎಂದಿಟ್ಟುಕೊಂಡರೆ, ಹಸಿರು ವಯರಿಗೆ ಜೋಡಿಸಿದ ಲೋಹವೆಲ್ಲ ಮಣ್ಣಿಗಿಂತ 9 ವೋಲ್ಟ್ ಮೇಲೆ ನಿಲ್ಲುತ್ತದೆ. 12 ಮಿಲಿಆಂಪಿಯರಿಗೆ ಆರ್‌ಸಿಸಿಬಿ ಬೀಳುವುದಿಲ್ಲ, ಅದು ಅದರ ದೋಷವೂ ಅಲ್ಲ.

ಹೊಸ ಗುಂಡಿಯಿಂದ ಈ ಅಂತರ ತುಸು ತಗ್ಗೀತು, ಆದರೆ ಹೋಗುವುದಿಲ್ಲ. ಆ ಗುಂಡಿಯನ್ನು ಮನೆಯ ಅರ್ತ್‌ಗೆ ಸೇರಿಸದೆ ಒಂಟಿಯಾಗಿ ಬಿಟ್ಟರಂತೂ ಕೈಗೆಟಕುವಷ್ಟು ದೂರದಲ್ಲಿ ಎರಡು ಬೇರೆ ಬೇರೆ ಅರ್ತ್‌ಗಳಾಗುತ್ತವೆ, ಅದು ಇನ್ನೂ ಅಪಾಯಕರ. ಇಲ್ಲಿ ಬೇಕಾದುದು ಬಾಂಡಿಂಗ್: ಕಂಬಿ, ಪಂಪಿನ ಮೈ, ಹೀಟರಿನ ಕವಚ, ಲೋಹದ ಪೈಪು, ಅರ್ತ್ ಟರ್ಮಿನಲ್ ಮತ್ತು ಕಟ್ಟೆಯೊಳಗಿನ ಸರಳುಗಳನ್ನು ದಪ್ಪ ತಾಮ್ರದ ವಯರಿನಿಂದ ಒಂದಕ್ಕೊಂದು ಜೋಡಿಸುವುದು. ಆಗ ಕಟ್ಟೆಯೂ ಕಂಬಿಯ ವೋಲ್ಟೇಜಿಗೇ ಬರುತ್ತದೆ, ನಡುವೆ ಅಂತರ ಉಳಿಯುವುದಿಲ್ಲ. ಅಮೆರಿಕದ ನಿಯಮವು ಇದಕ್ಕೆ ಸುಮಾರು 8.4 ಚದರ ಮಿಲಿಮೀಟರಿನ ಒಂಟಿ ಎಳೆಯ ತಾಮ್ರವನ್ನು ಕೇಳುತ್ತದೆ. ನಮ್ಮಲ್ಲಿ 10 ಚದರ ಮಿಲಿಮೀಟರಿನದನ್ನು ಹಾಕಿಸಬಹುದು. ಕಟ್ಟೆಯ ಮೂಲೆಯೊಂದನ್ನು ಒಡೆದು, ಸರಳಿನ ತುಕ್ಕು ಉಜ್ಜಿ, ಹೂಳಲು ತಕ್ಕ ಕ್ಲಾಂಪ್ ಬಿಗಿದು, ಮತ್ತೆ ಕಾಂಕ್ರೀಟ್ ಮುಚ್ಚಬೇಕು. ಬರಿಯ ತಾಮ್ರವನ್ನು ಸರಳಿಗೆ ಸುತ್ತಿಬಿಟ್ಟರೆ ಒದ್ದೆಯಲ್ಲಿ ಸರಳು ಬೇಗ ತಿಂದುಹೋಗುತ್ತದೆ.

ಇಷ್ಟಾದರೂ ಸೋರಿಕೆ ಉಳಿದೇ ಇರುತ್ತದೆ. ಆದ್ದರಿಂದ ಮೊದಲು ಹೀಟರನ್ನು ಮಾತ್ರ ಆಫ್ ಮಾಡಿ ಮತ್ತೊಮ್ಮೆ ಅಳೆಯಿರಿ; ವೋಲ್ಟ್ ಹೋದರೆ ದೋಷ ಹೀಟರಿನದೇ. ಇಡೀ ಮನೆಯ ಮೈನ್ ತೆಗೆದರೂ ವೋಲ್ಟ್ ಉಳಿದರೆ ಅದು ಹೊರಗಿನಿಂದ, ಬಹುಶಃ ನೆರೆತೋಟದ ಪಂಪ್‌ಸೆಟ್ಟಿನಿಂದ ಬರುತ್ತಿದೆ.

ಇನ್ನೊಬ್ಬರು (ಮಂಜೇಶ್ವರ)

ಕಟ್ಟೆಯ ಮೇಲೆ ದಪ್ಪ ರಬ್ಬರ್ ಚಾಪೆ ಹಾಸಿದರೆ ಇಷ್ಟು ಒಡೆಯುವ ಕೆಲಸ ತಪ್ಪುವುದಿಲ್ಲವೇ?

ಉತ್ತರ

ತಪ್ಪುವುದಿಲ್ಲ. ಚಾಪೆ ಸರಿಯುತ್ತದೆ, ತೂತಾಗುತ್ತದೆ, ಅದರ ಮೇಲೆ ನೀರು ನಿಂತು ಅಂಚಿನಲ್ಲಿ ನೆಲಕ್ಕೆ ಇಳಿಯುತ್ತದೆ. ಕಾಲು ಜಾರದಿರಲೆಂದು ಹಾಸುವುದಾದರೆ ಹಾಸಲಿ.

ಪ್ರಶ್ನೆ ಕೇಳಿದವರು

ಹೀಟರ್ ಆಫ್ ಮಾಡಿದೊಡನೆ 9 ವೋಲ್ಟ್ ಸೊನ್ನೆಗೆ ಇಳಿಯಿತು. ಎಲಿಮೆಂಟ್ ಕಳಚಿದಾಗ ಅದರ ಬಾಗಿನ ಹತ್ತಿರ ಕವಚ ಬಿರಿದು, ಒಳಗಿನ ಬಿಳಿ ಪುಡಿ ಒದ್ದೆಯಾಗಿ ಅಂಟಿಕೊಂಡಿತ್ತು. ಹೊಸದು ಹಾಕಿಸಿ, ತಾವು ಹೇಳಿದಂತೆ ಸರಳನ್ನೂ ಜೋಡಿಸಿದ್ದೇವೆ. ಈಗ ಕಂಬಿಗೂ ಕಟ್ಟೆಗೂ ನಡುವೆ ಅಳೆದರೆ ಏನೂ ಕಾಣುವುದಿಲ್ಲ. ಟಬ್ಬಿನಿಂದ ಸುಮಾರು 1.2 ಮೀಟರ್ ದೂರದಲ್ಲಿ ಸ್ನಾನಗೃಹದ ಕಿಟಕಿಯ ಕಬ್ಬಿಣದ ಗ್ರಿಲ್ ಇದೆ. ಅದನ್ನೂ ಸೇರಿಸಬೇಕೇ?

ಉತ್ತರ

ಸೇರಿಸಿ. ಅಮೆರಿಕದ ನಿಯಮದಲ್ಲಿ ನೀರಿನ ಅಂಚಿನಿಂದ 5 ಅಡಿ, ಅಂದರೆ ಸುಮಾರು 1.5 ಮೀಟರಿನೊಳಗಿನ ಸ್ಥಿರ ಲೋಹ ಬಾಂಡಿಂಗಿಗೆ ಒಳಪಡುತ್ತದೆ. ಗ್ರಿಲ್ಲಿನ ಬಣ್ಣ ಕೆರೆದು, ಹೊಳೆಯುವ ಲೋಹದ ಮೇಲೆಯೇ ಲಗ್ (ವಯರಿನ ತುದಿಗೆ ಹಾಕುವ ತೂತಿರುವ ಲೋಹದ ತುಂಡು) ಬಿಗಿಸಿ, ಆಮೇಲೆ ಬಣ್ಣ ಹಚ್ಚಿಸಿ. ಈ ಕೆಲಸವನ್ನು ಪರ್ಮಿಟ್ ಇರುವ ವಯರ್‌ಮ್ಯಾನ್ ಕೈಯಲ್ಲೇ ಮಾಡಿಸಿ, ಗುಂಡಿಯ ರೋಧವನ್ನು ಅರ್ತ್ ಟೆಸ್ಟರಿನಿಂದ ಅಳೆಯಿಸಿ; ಮಳೆಗಾಲದಲ್ಲಿ ಅಳೆದರೆ ಅಂಕೆ ಚೆನ್ನಾಗಿಯೇ ಬರುತ್ತದೆ, ಆದ್ದರಿಂದ ಏಪ್ರಿಲಿನಲ್ಲಿ ಅಳೆಯಿಸುವುದು ಒಳ್ಳೆಯದು.