ಎಲೆ ಉದುರುವ ಕಾಲದ ಕಾಡಲ್ಲಿ ಹಕ್ಕಿ ನೋಡೋದು: ಗುಂಪಲ್ಲಿ ಹಿಂದಿರೋರಿಗೆ ಏನೂ ಕಾಣಲ್ಲ!

ಪ್ರಶ್ನೆ
ಬೆಳಗ್ಗೆ ಗುಂಪಾಗಿ ಹಕ್ಕಿ ನೋಡೋಕೆ ಹೋಗ್ತಿದೀವಿ. ಕಾಡಲ್ಲಿ ಅರ್ಧ ಎಲೆ ಉದುರಿದೆ, ಆದ್ರೂ ಎಷ್ಟೋ ಹೊತ್ತು ನಡೆದ್ರೆ ಒಂದು ಹಕ್ಕಿನೂ ಇಲ್ಲ, ಆಮೇಲೆ ಒಂದೇ ಮರದ ತುಂಬ! ಮುಂದಿನವರು "ಅಗೋ ಅಲ್ಲಿ" ಅನ್ನುವಷ್ಟರಲ್ಲಿ ಹಾರಿಹೋಗಿರುತ್ತೆ. ನನ್ನದು 8×42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುತ್ತೆ, ಮುಂದಿನ ಗಾಜು 42 ಮಿ.ಮೀ. ಅಗಲ). 10×42 ತಗೊಂಡ್ರೆ ಅನುಕೂಲ ಆಗುತ್ತಾ?

ಉತ್ತರ 1
ದಯವಿಟ್ಟು ಬದಲಿಸಬೇಡಿ. 10 ಪಟ್ಟು ಹಿಗ್ಗಿಸೋದು ಕೈ ನಡುಕವನ್ನೂ ಹಿಗ್ಗಿಸುತ್ತೆ, ನೋಟದ ಅಗಲ ಸಾಮಾನ್ಯವಾಗಿ ಕಮ್ಮಿ. ಕೊಂಬೆಯಿಂದ ಕೊಂಬೆಗೆ ನೆಗೆಯೋ ಪುಟ್ಟ ಹಕ್ಕಿಗೆ ಅಗಲವೇ ಬೇಕು.

ಮರಿ ಮಾಡುವಾಗ ಜೋಡಿ ಜೋಡಿಯಾಗಿ ತಂತಮ್ಮ ಜಾಗ ಕಾಯ್ತಿದ್ದ ಹಕ್ಕಿಗಳು ಈಗ ಬೇರೆ ಬೇರೆ ಜಾತಿಯವೂ ಕೂಡಿ ಮೇಯ್ತಾ ಸಾಗ್ತವೆ. ಕಣ್ಣು ಹೆಚ್ಚಿದ್ದಷ್ಟೂ ಗಿಡುಗ ಬಂದದ್ದು ಬೇಗ ತಿಳಿಯುತ್ತೆ. ಕಾಡೆಲ್ಲ ಖಾಲಿ, ಒಂದು ಮರ ಭರ್ತಿ ಅನ್ನಿಸೋದು ಅದಕ್ಕೇ. ಇಂಥ ತಂಡದಲ್ಲಿರೋ ಪುಟ್ಟ ಚೇಕಡಿ (ಟಿಟ್) ಹಕ್ಕಿಗಳ ಸಣ್ಣ ದನಿ ಕೇಳಿದ್ರೆ ಎಲ್ಲರೂ ನಿಂತುಬಿಡಿ. ಹಿಂದೆ ಓಡಬೇಡಿ, ತಂಡ ಎತ್ತ ಸಾಗ್ತಿದೆ ಅಂತ ನೋಡಿ, ಅತ್ತಲೇ ಕಣ್ಣಿಟ್ಟು ಕಾಯಿರಿ.

ಚೇಕಡಿಗಳು ದಾಟಿದ ಮೇಲೂ ಕದಲಬೇಡಿ. ನನಗೆ ತುಂಬ ಇಷ್ಟದವು ಎಷ್ಟೋ ಸಲ ಅವುಗಳ ಜೊತೆಗೇ ಇರುತ್ತವೆ, ಕಾಂಡದ ಮೇಲೆ. ನಟ್‌ಹ್ಯಾಚ್ ಅನ್ನೋ ಪುಟ್ಟ ಹಕ್ಕಿ ತಲೆ ಕೆಳಗಾಗಿ ಇಳಿಯುತ್ತೆ. ಟ್ರೀಕ್ರೀಪರ್ ಬುಡದಿಂದ ಕಾಂಡ ಸುತ್ತುತ್ತಾ ಏರುತ್ತೆ, ಬಾಲ ಊರಿಕೊಂಡು ತೊಗಟೆಯ ಸಂದಿಗೆ ಬಾಗಿದ ಕೊಕ್ಕು ತೂರಿಸುತ್ತೆ, ಆಮೇಲೆ ಪಕ್ಕದ ಮರದ ಬುಡಕ್ಕೆ ಹಾರುತ್ತೆ. ಬೆನ್ನು ತೊಗಟೆಯದೇ ಬಣ್ಣ, ಅಲುಗಿದಾಗಷ್ಟೇ ಗೊತ್ತಾಗೋದು. ಇದನ್ನು ನೋಡದೆ ಗುಂಪು ಮುಂದೆ ಹೋದ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಉತ್ತರ 2
"ಅಗೋ ಅಲ್ಲಿ" ಅನ್ನೋದನ್ನ ಗುಂಪೇ ಬಿಡಬೇಕು. ಮರವನ್ನ ಗಡಿಯಾರ ಅಂದ್ಕೊಂಡು "ದಪ್ಪ ಓಕ್, ಎರಡು ಗಂಟೆ ಕಡೆ, ಕೊಂಬೆ ತುದಿ" ಅನ್ನಿ. ಹಕ್ಕಿಯ ಮೇಲಿಟ್ಟ ಕಣ್ಣು ತೆಗೀದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ಪ್ರತಿ ಸಲ ನಿಂತಾಗ ಹಿಂದಿದ್ದವರನ್ನ ಮುಂದೆ ಬಿಡಿ.

ಇನ್ನೊಂದು, ಮೊಬೈಲಲ್ಲಿ ಕೂಗು ಹಾಕಿ ಹಕ್ಕಿ ಕರೆಯೋರಿದ್ರೆ ತಡೆಯಿರಿ. ಸಣ್ಣ ವಲಸೆ ಹಕ್ಕಿಗಳು ಹೆಚ್ಚಾಗಿ ರಾತ್ರಿಯೆಲ್ಲ ಹಾರಿ ಬೆಳಗ್ಗೆ ಇಳಿದಿರ್ತವೆ. ಮುಂದಿನ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡಿಸೋ ಹೊತ್ತು ಅದು, ಮೇಯೋಕೆ ಬಿಡಿ.

ಪ್ರಶ್ನೆ ಕೇಳಿದವರು
ಸರಿ, ಬೈನಾಕ್ಯುಲರ್ ಇದೇ ಇರ್ಲಿ. ಆದ್ರೆ ಒಣಗಿದ ಎಲೆ ತುಳಿದಾಗಿನ ಸದ್ದಲ್ಲಿ ಆ ಸಣ್ಣ ದನಿ ಕೇಳೋದು ಹೇಗೆ?

ಉತ್ತರ 1
ಸ್ವಲ್ಪ ದೂರಕ್ಕೊಮ್ಮೆ ಎಲ್ಲರೂ ಒಟ್ಟಿಗೇ ನಿಲ್ಲಿ. ಒಬ್ಬರು ಕಾಲಾಡಿಸಿದ್ರೂ ಕೆಟ್ಟಿತು. ಅಂಗೈಗಳನ್ನ ಕಿವಿ ಹಿಂದೆ ಬೊಗಸೆ ಮಾಡಿ ನಿಧಾನಕ್ಕೆ ತಿರುಗಿ, ದಿಕ್ಕು ಸಿಗುತ್ತೆ. ನೀವು ನಿಂತ ಮೇಲೂ ಎಲೆ ಸರಸರ ಅಂದ್ರೆ ನೆಲ ನೋಡಿ: ಥ್ರಷ್ ಹಕ್ಕಿ ಎಲೆ ಮಗುಚಿ ಹುಳ ಹುಡುಕ್ತಿರಬಹುದು, ಇಲ್ಲಾ ಜೇ ಹಕ್ಕಿ ಚಳಿಗಾಲಕ್ಕೆ ಓಕ್ ಕಾಯಿ ಹೂಳ್ತಿರಬಹುದು.