ಸ್ಪೋರ್ಟ್ಸ್ ರೊಮ್ಯಾನ್ಸ್‌ಗೆ ರಿವ್ಯೂ ಬರೆಯೋರು ಯಾರಾದ್ರೂ ಇದ್ದೀರಾ? ಸಹಾಯ ಬೇಕು

ಐಸ್ ಹಾಕಿ ಹಿನ್ನೆಲೆಯ ಒಂದು ರೊಮ್ಯಾನ್ಸ್ ಕಾದಂಬರಿ ಓದಿ ಮುಗಿಸ್ದೆ, ರಿವ್ಯೂ ಬರೀಬೇಕು, ಆದ್ರೆ ಎಷ್ಟು ಸ್ಟಾರ್ ಕೊಡ್ಲಿ ಅನ್ನೋದೇ ಬಗೆಹರೀತಿಲ್ಲ. ಪ್ರೀತಿ ಭಾಗ ಸಖತ್ತಾಗಿದೆ, ಮೊದಲು ಕಚ್ಚಾಡ್ಕೊಂಡು ಆಮೇಲೆ ಹತ್ರ ಆಗೋ ಜೋಡಿ, ಇಬ್ರ ಮಾತುಕತೆ ಓದ್ತಾ ಓದ್ತಾ ಒಬ್ಬಳೇ ನಗ್ತಿದ್ದೆ. ಆಟದ ಭಾಗ ಮಾತ್ರ ಅಯ್ಯೋ ದೇವ್ರೇ. 20 ನಿಮಿಷದ ಮೂರು ಪೀರಿಯಡ್ ಇರೋ ಆಟಕ್ಕೆ ಲೇಖಕಿ ಫುಟ್‌ಬಾಲ್ ಥರ ಹಾಫ್ ಟೈಮ್ ಇಟ್ಟಿದ್ದಾರೆ, ಹೀರೋಗೆ ಮೊಣಕಾಲಿನ ಎಸಿಎಲ್ (ಕೀಲನ್ನ ಗಟ್ಟಿಯಾಗಿ ಹಿಡಿದಿಡೋ ಲಿಗಮೆಂಟ್) ಹರಿದು ಸರ್ಜರಿ ಆಗುತ್ತೆ, 6 ವಾರಕ್ಕೆಲ್ಲ ಎದ್ದು ಬಂದು ಫೈನಲ್‌ನಲ್ಲಿ ಗೋಲ್ ಹೊಡೀತಾನೆ!! ನಿಜವಾಗಿ ಆಟಕ್ಕೆ ವಾಪಸ್ ಬರೋಕೆ ಸಾಮಾನ್ಯವಾಗಿ 9 ತಿಂಗಳು ಹತ್ರ ಹತ್ರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಇಂಥದ್ದಕ್ಕೆಲ್ಲ ನೀವು ಸ್ಟಾರ್ ಕಟ್ ಮಾಡ್ತೀರಾ, ಇಲ್ಲ ಒಂದು ಸಾಲು ಬರೆದು ಸುಮ್ನಾಗ್ತೀರಾ? ಆಟ ಬರೀ ನೆಪ ಅಂತ ಓದೋರಿಗೂ ಗೊತ್ತು ಬಿಡಿ, ಆದ್ರೆ ಗಾಯವೇ ಕಥೆಯ ದೊಡ್ಡ ತಿರುವು ಆದಾಗ ಅದನ್ನ ಮಾಫಿ ಮಾಡೋಕಾಗಲ್ಲ ಅಂತ ನನ್ನ ಲೆಕ್ಕ.

ಇನ್ನೊಂದು, ಕೊನೇಲಿ ಬ್ರೇಕಪ್ ಆಗೋದು ಹೀರೋನ ಬೇರೆ ಟೀಮ್‌ಗೆ ಟ್ರೇಡ್ ಮಾಡಿದ್ದಕ್ಕೆ, ಅದನ್ನ ಹೇಳದೆ ನಾಯಕಿ ನಿರ್ಧಾರ ನಂಗ್ಯಾಕೆ ಇಷ್ಟ ಆಯ್ತು ಅಂತ ಬರೆಯೋಕೇ ಆಗ್ತಿಲ್ಲ, ಹೇಳಿದ್ರೆ ಸ್ಪಾಯ್ಲರ್. ಹೆಂಗೆ ಮ್ಯಾನೇಜ್ ಮಾಡ್ತೀರಾ ಇದನ್ನ? ರಿಲೀಸ್‌ಗೆ ಮುಂಚೆ ಫ್ರೀಯಾಗಿ ಸಿಕ್ಕ ಕಾಪಿ ಅಂತ ಮೊದಲ ಸಾಲಲ್ಲೇ ಹಾಕ್ತೀನಿ, ಅದ್ರಲ್ಲಿ ಡೌಟಿಲ್ಲ. ನೀವೇ ಬರೆದಿರೋ ರಿವ್ಯೂ ಇದ್ರೆ ಒಂದೆರಡು ಪ್ಯಾರಾ ತೋರಿಸಿ ಪ್ಲೀಸ್.